ಬೈಯದೆ ಬಿಟ್ಟವಳು

ಕಳೆದೆರಡು ವರ್ಷ ಕುಂಡೆ ಹಬ್ಬದ ದಿನ ಸುಮಿತಾಳಿಗೆ ತಪ್ಪದೆ ಜ್ವರ ಬಂದಿತ್ತು. ಈ ಸಲ ಆ ನೆಪವೂ ನಡೆಯಲಿಲ್ಲ. ಹಾಳಾದ ಬಿ.ಕಾಂ. ಪರೀಕ್ಷೆ ಸರಿಯಾಗಿ ಹಬ್ಬದ ಗುರುವಾರವೇ ವಕ್ಕರಿಸಿತ್ತು.

ಹಿಂದೆ ಬೇಟೆಗೆಂದು ಜೇನುಕುರುಬರನ್ನು ಕಾಡಿಗೆ ಕರೆದೊಯ್ದ ದೇವರು, ಅಲ್ಲಿ ಭದ್ರಕಾಳಿಯನ್ನು ಕಂಡು ಮರುಳಾಗಿ, ಇವರನ್ನು ನಡುಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ಆ ಸಿಟ್ಟಿಗೆ ಅವರು ವರ್ಷಕ್ಕೊಂದು ದಿನ, ಈ ಹಬ್ಬದಂದು, ದೇವರನ್ನು ವಾಚಾಮಗೋಚರ ಬೈಯುತ್ತಾರೆ. ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು, ಡಬ್ಬ ಬಡಿಯುತ್ತ ಪೇಟೆಗೆ ಬಂದು ಎದುರು ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಜೀಪಿನಲ್ಲಿ ಕೂತ ಎಸ್ಟೇಟಿನ ಧಣಿಯೂ ಅವತ್ತು ನಗುತ್ತಲೇ ಬೈಸಿಕೊಳ್ಳಬೇಕು. ಸಂಜೆ ದೇವರಪುರದ ಗುಡಿಯಲ್ಲಿ ಅಡ್ಡಬಿದ್ದು ತಪ್ಪಾಯ್ತು ಎಂದರೆ ಎಲ್ಲಕ್ಕೂ ಮಾಫಿ.

ಸುಮಿತಾ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಮಾತ್ರ ಜೇನುಕುರುಬಳು. ಕ್ಯಾಂಟೀನಿನಲ್ಲಿ ಅವಳು ತಿತಿಮತಿ ಕಡೆಯ ಎಸ್ಟೇಟ್ ರೈಟರ್ ಮಗಳು. ಆ ರೈಟರ್ ಇರುವುದು ನಿಜವೇ, ಕಾಫಿ ಕೊಯ್ಯುವ ಅವಳ ಅಪ್ಪನ ಹಾಜರಿ ಬರೆಯುವವನು; ಅವಳು ಅವನ ಮಗಳು ಎಂಬುದಷ್ಟೇ ಸುಳ್ಳು. ಕಾಲೇಜಿನ ಎಥ್ನಿಕ್ ಡೇಗೆ ಗೆಳತಿ ರಮ್ಯ ತನ್ನ ಅಮ್ಮನ ಸೀರೆಯನ್ನು ಕೊಡವರಂತೆ ಹಿಂದಕ್ಕೆ ನೆರಿಗೆ ಹಾಕಿ ಉಡಿಸಿದಾಗ ಚಂದ ಕಾಣುತ್ತೀ ಎಂದು ಎಲ್ಲರೂ ಹೊಗಳಿದ್ದರು. ಅದೇ ಫೋಟೋ ನೋಡಿದ, ಕಾಡಂಚಿನ ತಮ್ಮ ಹಾಡಿಯ ಹೊನ್ನಮ್ಮಜ್ಜಿ, ಇದು ಯಾರ ಮನೆಯ ಹುಡುಗಿ ಎಂದು ಕೇಳಿದ್ದಳು. ಎರಡಕ್ಕೂ ಸುಮಿತಾಳಿಗೆ ಬೇಕಾದಷ್ಟು ಸಿಟ್ಟು ಬಂದಿತ್ತು.

ಅದಕ್ಕೇ ಹಿಂದಿನ ದಿನ ಅಪ್ಪ ಬೆಳ್ಳಿಯಪ್ಪನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು, ಪೇಟೆಯಲ್ಲಿ ಕಂಡರೆ ಗುರುತು ಹಿಡಿಯಬೇಡ ಎಂದು. ಅವನು ನಕ್ಕುಬಿಟ್ಟಿದ್ದ.

"ಅವತ್ತು ಯಾರ್ನೂ ಬಿಡಂಗಿಲ್ಲ ಮಗಾ. ದೇವ್ರನ್ನೇ ಬಿಡಾಕಿಲ್ಲ, ನಿನ್ನ ಬಿಟ್ಟೇನಾ?"

ಪರೀಕ್ಷೆ ಮುಗಿಸಿ ರಮ್ಯ, ಅಶ್ವಿತಾರ ಜೊತೆ ಅವಳು ಬಸ್ ಸ್ಟ್ಯಾಂಡಿಗೆ ಬರುವುದಕ್ಕೂ ಡಬ್ಬದ ಸದ್ದು ಕೇಳುವುದಕ್ಕೂ ಸರಿಹೋಯಿತು. ಮುಂದೆ ಡಬ್ಬ ಬಡಿಯುತ್ತ ಚಿಕ್ಕಪ್ಪ ಮಾದ, ಹಿಂದೆ ಅಪ್ಪ. ಅಪ್ಪ ತೊಟ್ಟಿದ್ದು ಅವಳದೇ ಹಳದಿ ಚೂಡಿದಾರ, ಕತ್ತಿಗೆ ಕನ್ನಡಿ ಚೂರು ಹೊಲಿದದ್ದು. ಕಂಕುಳಲ್ಲಿ ಹರಿದಿತ್ತೆಂದು ಅವ್ವ ಮೂಲೆಗೆಸೆದಿದ್ದಳು.

"ಸುಮಿ, ನಿಂದೂ ಇಂಥದ್ದೇ ಒಂದು ಇತ್ತಲ್ಲ?" ಎಂದಳು ಅಶ್ವಿತಾ, ಫೋನು ಎತ್ತಿ ಹಿಡಿದು.

ಇಂಥವು ಸಂತೆಯಲ್ಲಿ ರಾಶಿ ಬೀಳುತ್ತವೆ ಎಂದಳು ಸುಮಿತಾ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಪ್ಪ ಬಂದವನೇ ಅಶ್ವಿತಾಳ ಫೋನಿನಿಂದ ಹಿಡಿದು ಅವಳ ಮುತ್ತಜ್ಜನವರೆಗೆ ಬೈದ. ಅವಳು ಬಿದ್ದು ಬಿದ್ದು ನಕ್ಕು ಹತ್ತು ರೂಪಾಯಿ ಕೊಟ್ಟಳು. ರಮ್ಯಳಿಗೂ ಅಷ್ಟೇ ಬೈಗುಳ ಬಿತ್ತು. ಆಮೇಲೆ ಅವನು ಸುಮಿತಾಳ ಎದುರು ನಿಂತ. ಬಾಯಿ ತೆರೆದ. ಮಸಿಯ ನಡುವೆ ಕಣ್ಣು ಒಂದು ಕ್ಷಣ ಅವಳ ಮೇಲೆ ನಿಂತಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನೀವು ಬುಡಿ ಮೇಡಂ," ಎಂದು ಮುಂದೆ ಹೋದ.

ನಿನ್ನೊಬ್ಬಳನ್ನು ಯಾಕೆ ಬಿಟ್ಟ, ಅದೃಷ್ಟವಂತೆ, ಎಂದು ರಮ್ಯ ರೇಗಿಸಿದಳು.

ಬಚಾವಾದೆ ಎಂದು ಸುಮಿತಾ ನಿಟ್ಟುಸಿರು ಬಿಡಬೇಕಿತ್ತು. ಬದಲಿಗೆ ಮೈಯೆಲ್ಲ ಉರಿದುಹೋಯಿತು. ಬಾಳೆಹಣ್ಣು ಮಾರುವವನನ್ನು ಬೈದರು, ಪೊಲೀಸನನ್ನು ಬೈದರು, ಆಗಷ್ಟೇ ಬಸ್ಸಿಳಿದ ಪರವೂರಿನವರನ್ನೂ ಬೈದರು. ಇಡೀ ಪೇಟೆಯಲ್ಲಿ ಯಾರಿಗೂ ಬೇಡವಾಗಿ ನಿಂತವಳು ತಾನೊಬ್ಬಳೇ. ಮೇಡಂ ಅಂತೆ, ಮೇಡಂ! ಅವಳು ಬ್ಯಾಗನ್ನು ಅಲ್ಲೇ ಬಿಟ್ಟು ಓಡಿದಳು.

"ಅಪ್ಪಾ!"

ಮಾದನ ಡಬ್ಬ ನಿಂತಿತು. ಹಿಂದೆ ರಮ್ಯಳ ನಗುವೂ ನಿಂತದ್ದು ಅವಳಿಗೆ ಕೇಳಿಸಿತು.

"ಎಲ್ರನ್ನೂ ಬೈದೆ. ನನ್ನ ಯಾಕೆ ಬಿಟ್ಟೆ?"

"ನೀನೇ ಅಲ್ವಾ ಹೇಳಿದ್ದು?"

"ಈಗ್ಲೂ ನಾನೇ ಹೇಳ್ತಿದೀನಿ. ಬೈ."

ಬೆಳ್ಳಿಯಪ್ಪ ಅವಳನ್ನು ನೋಡಿದ, ಅವಳ ಹಿಂದೆ ಇನ್ನೂ ಎತ್ತಿ ಹಿಡಿದಿದ್ದ ಫೋನನ್ನು ನೋಡಿದ. ಬೆಳಗಿನಿಂದ ಎಡೆಬಿಡದೆ ಆಡಿದ ಬಾಯಿ ತಡವರಿಸಿತು. ಕೊನೆಗೆ ಕೂಗಿಯೇ ಹೇಳಿದ.

"ಅಪ್ಪನ್ ಗುರ್ತಿಲ್ದೋಳೇ."

ಜನ ಹೋ ಎಂದು ನಕ್ಕರು, ಉಳಿದ ಬೈಗುಳಕ್ಕೆಲ್ಲ ನಕ್ಕ ಹಾಗೆಯೇ. ಹಬ್ಬದ ಬೈಗುಳವೆಲ್ಲ ಸುಮಿತಾಳಿಗೆ ಚಿಕ್ಕಂದಿನಿಂದ ಬಾಯಿಪಾಠ. ಇದು ಅವುಗಳಲ್ಲಿ ಇರಲಿಲ್ಲ.

ಅಪ್ಪ ಪದ್ಧತಿಯಂತೆ ಕೈ ಚಾಚಿದ. ಅವಳು ಬಸ್ಸಿಗೆಂದು ಮುಷ್ಟಿಯಲ್ಲಿ ಹಿಡಿದಿದ್ದ ಹಣವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಕೈ ಮಡಚಲಿಲ್ಲ, ಹಾಗೇ ನಿಂತ.

"ತಪ್ಪಾಯ್ತು," ಎಂದಳು ಸುಮಿತಾ. ಸಂಜೆಯಾಗಲು ಇನ್ನೂ ತುಂಬ ಹೊತ್ತಿತ್ತು.