ಕ್ರೀಸಿಯ ಬೆರಳು

ಮಿಸಿಸಿಪ್ಪಿಯ ಆ ಊರಿನ ಹಳೆ ರೈಲು ನಿಲ್ದಾಣದ ಮುಂದೆ ಊರಿನ ಹಾಡೊಂದರ ನೆನಪಿಗೆ ಫಲಕ ನೆಡುತ್ತಾರೆ ಎಂಬ ಸುದ್ದಿ ಕೇಳಿ ಓಜೆಲ್ಲಾ ಖುಷಿಪಟ್ಟಿದ್ದು ನಿಜ. ಫಲಕದಲ್ಲಿ ಯಾರ ಹೆಸರಿದೆ ಎಂದು ತಿಳಿದ ಮೇಲೆ ಮೈಯೆಲ್ಲ ಉರಿದುಹೋಯಿತು. 'ಗಂಜಿ ಅಂಗಿ' ಎಂಬ, ಕಪ್ಪುಜನರ ಬ್ಲೂಸ್ ಧಾಟಿಯ ಹಾಡನ್ನು ಹುಟ್ಟಿಸಿದವನು ಡೂಲಿ ಪ್ರೂಟ್ ಅಂತೆ! ಡೂಲಿ ಆ ಊರಿನಲ್ಲಿ ಹುಟ್ಟಿಸಿದ್ದು ನಾಲ್ಕು ಮಕ್ಕಳನ್ನು, ಅವನ್ನೂ ಸಾಕಲಿಲ್ಲ.

ಹಾಡು ಓಜೆಲ್ಲಾಳ ತಾಯಿ ಕ್ರೀಸಿಯದು. ಬಿಳಿಯರ ಅಂಗಿಗಳಿಗೆ ಗಂಜಿ ಹಾಕಿ, ಒಲೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ಇಸ್ತ್ರಿ ಮಾಡುತ್ತ ಕಟ್ಟಿದ್ದು. ಅವಳು ಒಂದು ಸಾಲು ಎಸೆದರೆ ಜಗಲಿಯಲ್ಲಿ ಕೂತವರು ಜವಾಬು ಹಾಡುತ್ತಿದ್ದರು. ಕ್ರೀಸಿಯ ಮನೆಯಲ್ಲಿ ಬಾಡಿಗೆಗಿದ್ದ ಡೂಲಿ ಅದನ್ನು ಗಿಟಾರಿಗೆ ಹೊಂದಿಸಿಕೊಂಡು ಶಿಕಾಗೋಗೆ ಹೋಗಿ ತನ್ನ ಹೆಸರಲ್ಲಿ ರೆಕಾರ್ಡು ಮಾಡಿಸಿದ. ಒಂದು ಚರಣ ಮಾತ್ರ ಬಿಟ್ಟ, ಅದರಲ್ಲಿ ಕ್ರೀಸಿಯ ಹೆಸರಿತ್ತು. ಆಮೇಲೆ ಸಮುದ್ರದಾಚೆಯ ಹುಡುಗರೂ ಅದನ್ನೇ ಹಾಡಿ ಬಂಗಲೆ ಕಟ್ಟಿಸಿಕೊಂಡರು.

ಡೂಲಿಯಾದರೂ ಹೊರಗಿನ ಕಳ್ಳ, ಸತ್ತುಹೋದ. ಓಜೆಲ್ಲಾ ಹಲ್ಲು ಕಡಿಯುತ್ತಿದ್ದದ್ದು ಸ್ವಂತ ಚರ್ಚಿನ ಹಿರಿಯ ಎಲೈಹುವಿನ ಮೇಲೆ. ರೆಕಾರ್ಡು ಬಂದ ವರ್ಷ ಅವನು ಕ್ರೀಸಿಯನ್ನು ಸಭೆಯ ಮುಂದೆ ನಿಲ್ಲಿಸಿ, ಬ್ಲೂಸ್ ಎಂಬ ಈ ಸೈತಾನನ ಹಾಡು ನಿನ್ನದೋ ಅಲ್ಲವೋ ಎಂದು ಕೇಳಿದ್ದ. ಹೌದೆಂದರೆ ಸಭೆಯಿಂದ ಹೊರಗೆ, ಸತ್ತರೆ ಹೂಳುವುದಕ್ಕೂ ಯಾರೂ ಬರುವುದಿಲ್ಲ. ಕ್ರೀಸಿ "ನಂದಲ್ಲ" ಎಂದಳು. ಆಮೇಲೆ ಇಸ್ತ್ರಿ ಮಾಡುವಾಗಲೂ ಅವಳು ಬಾಯಿಬಿಟ್ಟು ಹಾಡಲಿಲ್ಲ.

"ಆ ಕಾಲದೋರು ಒಬ್ರು ಬಾಯ್ಬಿಟ್ಟು ಹೇಳ್ಲಿ, ಫಲಕ ಬದಲಾಯಿಸ್ತೀವಿ" ಎಂದರು ಫಲಕ ನೆಡುವ ಸಮಿತಿಯವರು, ಓಜೆಲ್ಲಾ ಹೋಗಿ ಜಗಳವಾಡಿದಾಗ. ಆ ಕಾಲದವನೆಂದು ಉಳಿದವನು ಎಲೈಹು ಒಬ್ಬನೇ. ಓಜೆಲ್ಲಾ ಸಿಟ್ಟು ನುಂಗಿಕೊಂಡು ಅವನ ಮನೆಗೆ ಹೋದಳು.

"ನಿಮ್ಮಮ್ಮ ದೇವರ ಮುಂದೆ ನಂದಲ್ಲ ಅಂದ್ಳು ತಂಗಿ. ಈ ವಯಸ್ಸಲ್ಲಿ ನನ್ ಕೈಲಿ ಸುಳ್ಳು ಹೇಳಿಸ್ಬೇಡ" ಎಂದ ಎಲೈಹು.

"ಹಾಗೆ ಅನ್ಸಿದ್ದು ಯಾರು? ಅದಕ್ಕೂ ಮುಂಚೆ ಶನಿವಾರ ಸಂಜೆ ನಮ್ ಜಗಲೀಲಿ ಕೂತು ಕಾಲು ಕುಟ್ತಿದ್ದೋರು ಯಾರು? ಅಮ್ಮ ಎಲ್ಲಾ ಹೇಳಿದಾಳೆ."

"ನಂಗೆ ನೆನಪಿಲ್ಲಮ್ಮ."

"ಸೈತಾನನ ಹಾಡಿನ ಫಲಕಕ್ಕೆ ಪ್ರಾರ್ಥನೆ ಮಾಡ್ತೀನಿ ಅಂತ ಒಪ್ಕೊಂಡಿದ್ದು ನೆನಪಿದ್ಯಾ?"

"ಕಾಲ ಬದಲಾಯ್ತಲ್ಲ. ಟೂರಿಸ್ಟ್ ಬಸ್ಸು ಬರುತ್ತೆ, ಊರಿಗೆ ಒಳ್ಳೇದಾಗುತ್ತೆ."

"ನಿಮ್ ಕಾಲಕ್ಕೆ ಬೆಂಕಿ ಬೀಳ!" ಎಂದು ಓಜೆಲ್ಲಾ ಬಾಗಿಲನ್ನು ಧಡಾರನೆ ಎಳೆದುಕೊಂಡು ಬಂದಳು.

ಸಮಾರಂಭದ ದಿನ ನಿಲ್ದಾಣದ ಹಿಂದೆ ದೊಡ್ಡ ಬಾಣಲೆಯಲ್ಲಿ ಮೀನು ಕರಿಯುತ್ತಿದ್ದರು. ಫಲಕಕ್ಕೆ ನೀಲಿ ಬಟ್ಟೆ ಹೊದಿಸಿತ್ತು. ಎಲೈಹು ಮೈಕಿನ ಮುಂದೆ ನಿಂತು ಚರ್ಚಿನಲ್ಲಿ ಮಾಡುವಂತೆಯೇ ಸ್ತೋತ್ರದ ಒಂದೊಂದು ಸಾಲನ್ನು ಎಸೆದ, ಸಭೆ ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡಿತು. ಅಲ್ಲಿ ಎಸೆದ ಸಾಲನ್ನು ಯಾರೂ ನೆಲಕ್ಕೆ ಬೀಳಗೊಡುವುದಿಲ್ಲ. ತೊಟ್ಟಿಲಿನಿಂದ ಬಂದ ಅಭ್ಯಾಸ, ಮನಸ್ಸು ಯೋಚಿಸುವ ಮೊದಲೇ ಬಾಯಿ ಜವಾಬು ಕೊಟ್ಟಿರುತ್ತದೆ.

ಎಲೈಹು ಉಸಿರು ತೆಗೆದುಕೊಳ್ಳಲು ನಿಂತ. ಅಷ್ಟರಲ್ಲಿ ಓಜೆಲ್ಲಾ ಎದ್ದು, ತಾಯಿ ಪಿಸುದನಿಯಲ್ಲಿ ಹೇಳಿಕೊಟ್ಟಿದ್ದ ಧಾಟಿಯಲ್ಲೇ ಎಸೆದಳು:

"ಊರಿಗೆಲ್ಲ ಬಿಳಿಯಂಗಿ, ಸುಟ್ಟಿದ್ದು ಯಾರ ಬೆರಳು?"

ಎಲ್ಲರ ಬಾಯಿಯೂ ತೆರೆಯಿತು, ಆದರೆ ಜವಾಬು ಯಾರಿಗೂ ಗೊತ್ತಿರಲಿಲ್ಲ. ರೆಕಾರ್ಡಿನಲ್ಲಿ ಇಲ್ಲದ ಚರಣ ಅದು. ಮೈಕಿನಲ್ಲಿ ಮಾತ್ರ ಒಂದು ಗಂಟಲು ಕೇಳಿಸಿತು, ಮುದಿಯಾಗಿ ಒಡೆದದ್ದು, ತಾಳ ತಪ್ಪದ್ದು:

"ಕ್ರೀಸಿಯ ಬೆರಳು, ದೇವರೇ, ಕ್ರೀಸಿಯ ಬೆರಳು."

ಎಲೈಹುವಿನ ಬಲಗಾಲು ವೇದಿಕೆಯ ಹಲಗೆಯ ಮೇಲೆ ಕುಟ್ಟುತ್ತಿತ್ತು. ಅದು ಅವನ ಗಮನಕ್ಕೆ ಬಂದದ್ದು ಆಮೇಲೆ. ಕಾಲು ನಿಂತಿತು, ಬಾಯಿ ಮುಚ್ಚಿತು. ಸಮಿತಿಯವರೆಲ್ಲ ಅವನನ್ನೇ ನೋಡುತ್ತಿದ್ದರು.

"ನೆನಪಿಲ್ಲ ಅಂದ್ರಲ್ಲ," ಎಂದಳು ಓಜೆಲ್ಲಾ. "ಇನ್ನೊಂದ್ಸಲ ಹಾಡಿ ಹಿರಿಯರೇ. ಫಲಕ ಬರೆಯೋರಿಗೆ ಹೆಸರು ಸರಿಯಾಗಿ ಕೇಳಿಸ್ಲಿ."