ಒಂಬತ್ತರಿಂದ ಹನ್ನೆರಡರ ತನಕ ಮಮ್ಮಿ ಇರುವುದಿಲ್ಲ

1

ಶಾಲೆಯ ಕಥೆಯನ್ನು ಗಂಟೆ ಬಾರಿಸಿ ಶುರು ಮಾಡಬೇಕೋ, ಪ್ರಾರ್ಥನೆಯಿಂದಲೋ? ಈ ಶಾಲೆಯಲ್ಲಿ ಗಂಟೆಯೇ ಇಲ್ಲ. ಕುಕ್ಕರಿನ ಮೂರನೇ ವಿಷಲ್ಲಿಗೆ ತರಗತಿ. ಪ್ರಾರ್ಥನೆಯಿಂದ ಶುರು ಮಾಡಿದರೆ, ಓದುಗರೇ, ನೀವು ಎದ್ದು ನಿಲ್ಲಬೇಕಾಗುತ್ತದೆ. ಬೇಡ, ಕೂತೇ ಇರಿ.

1 (ಮತ್ತೊಮ್ಮೆ)

ವನಗೂರಿನ ಕಡೆ ಒಂದು ಕಾಫಿ ಎಸ್ಟೇಟಿನ ಕ್ವಾರ್ಟರ್ಸ್. ಅಲ್ಲಿ ಫ್ಲೇವಿಯಾ, ಎಸ್ಟೇಟಿನ ಜೀಪು ಓಡಿಸುವ ಅವಳ ಗಂಡ ಐವನ್, ಒಂಬತ್ತು ವರ್ಷದ ಮಗಳು ಜೋಯ್ಲಿನ್. ಮಗಳಿಗೆ ಮನೆಯೇ ಶಾಲೆ, ತಾಯಿಯೇ ಟೀಚರ್. ಕಳೆದ ವರ್ಷ ಭಾಗಾಕಾರದ ದೆಸೆಯಿಂದ ಇಬ್ಬರೂ ಅತ್ತು, ಮಾತು ಬಿಟ್ಟು, ಫೆಬ್ರವರಿಯಲ್ಲೇ ಶಾಲೆಗೆ ಬೀಗ ಬಿದ್ದಿತ್ತು. ಈ ವರ್ಷ ಐವನ್ ಒಂದು ಕರಾರು ಹಾಕಿದ್ದಾನೆ. ಮೊದಲ ವಾರ ಅಳು ಇಲ್ಲದೆ ಮುಗಿದರೆ ಮನೆ ಶಾಲೆ ಉಳಿಯಿತು. ಅಳು ಕೇಳಿಸಿತೋ, ಸೋಮವಾರವೇ ಬಾಳ್ಳುಪೇಟೆಯ ಶಾಲೆ.

ಕಳಿಸಲು ಫ್ಲೇವಿಯಾಗೆ ಜೀವವೇ ಒಪ್ಪುವುದಿಲ್ಲ. (ಕಥೆ ಬರೆಯುವ ನಾನು ಮಗಳನ್ನೂ ಕೇಳಿದೆ. "ಬಸ್ಸಲ್ಲಿ ಕಿಟಕಿ ಸೀಟು ಸಿಗ್ತದಾ?" ಎಂದಳು. ಮನೆಯಲ್ಲಿ ಇವರು ಆಡುವುದು ಕೊಂಕಣಿ, ನನಗೆ ಬಾರದು. ಕನ್ನಡದಲ್ಲೇ ಮಾತಾಡಿ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ.)

2

ಈ ಸಲ ಫ್ಲೇವಿಯಾ ನಿಧಾನಕ್ಕೆ ಹೋದಳು. ಸೋಮವಾರ ಪ್ರಾರ್ಥನೆ, ಹಾಡು, ಬೈಬಲಿನ ಒಂದು ಕಥೆ. ಅಷ್ಟೇ, ಹೋಗಿ ಆಡಿಕೋ. ಮಂಗಳವಾರ ಕನ್ನಡ ಸೇರಿತು, ಬುಧವಾರ ಇಂಗ್ಲಿಷ್. ಗುರುವಾರ ವಿಜ್ಞಾನ, ಅಂದರೆ ಜಿಗಣೆ. ಗಣಿತವನ್ನು ಮಾತ್ರ ಶುಕ್ರವಾರಕ್ಕೆ ತಳ್ಳಿದಳು.

ಜೊತೆಗೊಂದು ನಿಯಮ: ಒಂಬತ್ತರಿಂದ ಹನ್ನೆರಡರ ತನಕ ಅವಳು ಮಮ್ಮಿ ಅಲ್ಲ, ಮಿಸ್. ಮಿಸ್ಸಿನ ಸಿಟ್ಟು ಊಟದ ತಟ್ಟೆಗೆ ಬರಬಾರದು, ಮಮ್ಮಿಯ ಮುದ್ದು ಪಾಠಕ್ಕೆ ಬರಬಾರದು.

3 (ಕೈಬಿಟ್ಟ ಅಧ್ಯಾಯ)

ಭಾನುವಾರ ಹೊಸ ಪುಸ್ತಕಗಳನ್ನೆಲ್ಲ ಚರ್ಚಿಗೆ ಒಯ್ದು ಫಾದರ್ ಕೈಯಲ್ಲಿ ಆಶೀರ್ವಾದ ಮಾಡಿಸಿದ್ದರು. ಗಣಿತದ ಪುಸ್ತಕವನ್ನು ಜೋಯ್ಲಿನ್ ಜೀಪಿನ ಸೀಟಿನಡಿ ಅಡಗಿಸಿಟ್ಟು, ಅದೊಂದಕ್ಕೆ ಆಶೀರ್ವಾದ ತಪ್ಪಿಸಿದಳು. ಆಹಾ! ನಾನು ಕುಣಿದಾಡಿಬಿಟ್ಟೆ. ಇಲ್ಲೊಂದು ಪವಾಡ ಮಾಡಿಸಿ, ಮೂರು ಪುಟ ಎಳೆಯಬಹುದು.

"ನಮ್ಮ ಹೆಸರಲ್ಲಿ ಪವಾಡ ಗಿವಾಡ ಬೇಡ," ಎಂದಳು ಫ್ಲೇವಿಯಾ. "ಏಳರ ಮಗ್ಗಿ ಬಂದರೆ ಸಾಕು. ನಿಮಗೆ ಬರ್ತದಾ?"

ಅಧ್ಯಾಯವನ್ನು ಅಲ್ಲಿಗೇ ಕೈಬಿಟ್ಟೆ.

4

ಶುಕ್ರವಾರ, ಹತ್ತೂಹತ್ತು. ಎಂಬತ್ತನಾಲ್ಕನ್ನು ಏಳರಿಂದ ಭಾಗಿಸಬೇಕು. ಜೋಯ್ಲಿನ್ ಪೆನ್ಸಿಲ್ ಕೆಳಗಿಟ್ಟಳು.

"ಮಿಸ್, ಮನೆಗೆ ಹೋಗ್ಬೇಕು."

"ಇದೇ ಮನೆಯಲ್ವಾ?"

"ಮಮ್ಮಿ ಹತ್ರ ಹೋಗ್ಬೇಕು."

ಫ್ಲೇವಿಯಾ ನನ್ನ ಕಡೆ ನೋಡಿದಳು. ನಿಯಮ ಮಾಡಿದವಳು ಅವಳು, ನಾನೇನು ಮಾಡಲಿ? ಹುಡುಗಿಯ ಕಣ್ಣು ತುಂಬಿತ್ತು, ಇನ್ನೂ ಇಳಿದಿರಲಿಲ್ಲ. ಇಳಿದರೆ ಬಾಳ್ಳುಪೇಟೆ.

ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಸೊಪ್ಪು ಕೊಡಲು ಬಂದ ಬೆಟ್ಟಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ ಇದ್ಯಾವ ಸೀಮೆ ಇಸ್ಕೂಲವ್ವ! ಮಗ ಮನೇಲೇ ಐತೆ, ಮನೆಗೋಯ್ತೀನಿ ಅಂತೈತೆ. ಅವ್ವ ಮುಂದೆನೇ ಅವ್ಳೆ, ಅವ್ವನ್ ತಾವ ಹೋಯ್ತೀನಿ ಅಂತೈತೆ!"

5

ಮುಕ್ತಾಯ ಒಂದು: ತಾಯಿ ಮಗಳನ್ನು ಬಾಚಿ ತಬ್ಬಿಕೊಳ್ಳುತ್ತಾಳೆ. ("ಆಗ ನಾಳೆಯಿಂದ ಒಂಬತ್ತೂಐದಕ್ಕೇ ಮಮ್ಮಿ ಬೇಕು ಅಂತ ಶುರು," ಎಂದಳು ಫ್ಲೇವಿಯಾ. ಹೊಡೆದುಹಾಕಿದೆ.)

ಮುಕ್ತಾಯ ಎರಡು: ಬಾಳ್ಳುಪೇಟೆ, ಕಿಟಕಿ ಸೀಟು. (ಪೆನ್ನು ಕಿತ್ತುಕೊಳ್ಳಲು ಬಂದಳು.)

ಮೂರನೆಯದನ್ನು ಯೋಚಿಸುವಷ್ಟರಲ್ಲಿ ಅವಳು ನನ್ನನ್ನು ಕೇಳದೆ ಎದ್ದಳು. "ಸರಿ, ಹತ್ತು ನಿಮಿಷ ರಜೆ. ಹೋಗಿ ಬಾ," ಎಂದು ಹಿಂಬಾಗಿಲಿನಿಂದ ಹೊರಗೆ ಹೋದಳು. ಮನೆಯನ್ನು ಒಂದು ಸುತ್ತು ಓಡಿ, ಏದುಸಿರು ಬಿಡುತ್ತ ಮುಂಬಾಗಿಲಿನಿಂದ ಒಳಗೆ ಬಂದು ಕೂತಳು.

"ಏನಾಯ್ತು ಪುಟ್ಟಾ? ಸ್ಕೂಲು ಬೇಗ ಬಿಟ್ರಾ?"

ಜೋಯ್ಲಿನ್ ಒಂದು ಕ್ಷಣವೂ ಅನುಮಾನಿಸಲಿಲ್ಲ. ಓಡಿಹೋಗಿ ತೊಡೆಯೇರಿದಳು. "ಭಾಗಾಕಾರ ಬಂದ್ರೆ ಮಿಸ್ ಮುಖ ಒಂಥರಾ ಆಗ್ತದೆ ಮಮ್ಮಿ. ತಪ್ಪಾದ್ರೆ ಅವ್ರಿಗೆ ಬೇಜಾರು. ಅದಕ್ಕೇ ನಂಗೆ ಹೆದ್ರಿಕೆ."

ಫ್ಲೇವಿಯಾಳ ದನಿ ಸಣ್ಣದಾಯಿತು. "ಹಾಗಾ? ಬಾಳ್ಳುಪೇಟೇಲಿ ಬೇರೆ ಮಿಸ್ ಇದ್ದಾರೆ. ಅಲ್ಲಿಗೆ ಹೋಗ್ತೀಯಾ?"

ಹುಡುಗಿ ಕಿಟಕಿಯ ಕಡೆ ನೋಡಿದಳು. ನಾನು ಬರೆಯುವುದನ್ನು ನಿಲ್ಲಿಸಿದೆ.

"ಬೇಡ. ಪಾಪ, ಮಿಸ್ಸಿಗೆ ನಾನು ಬಿಟ್ರೆ ಬೇರೆ ಯಾರೂ ಇಲ್ಲ."

6

ಆಗ ಅಳು ಕೇಳಿಸಿತು. ಹುಡುಗಿಯದ್ದಲ್ಲ. ಅವಳ ಕಣ್ಣು ಒಣಗಿ ಆಗಿತ್ತು. ತಾಯಿಯ ಮೂಗನ್ನು ಫ್ರಾಕಿನ ಅಂಚಿನಿಂದ ಒರೆಸುತ್ತಿದ್ದಳು. ಫ್ಲೇವಿಯಾ ನಗುತ್ತಲೇ ಬಿಕ್ಕುತ್ತಿದ್ದಳು.

ಅಷ್ಟರಲ್ಲಿ ಏರಿನಲ್ಲಿ ಐವನ್‌ನ ಜೀಪಿನ ಸದ್ದು. ಯಾರು ಅಳಬಾರದು ಎಂದು ಕರಾರಿನಲ್ಲಿ ಹೇಳಿಲ್ಲವಲ್ಲ, ಮಹಾರಾಯರೇ!

"ಈರುಳ್ಳಿ ಹೆಚ್ತಿದ್ಲು ಅಂತ ಬರ್ಕಳಿ ಸಾ," ಎಂದಳು ಬೆಟ್ಟಮ್ಮ.

"ಸುಳ್ಳು ಬರೀಬಾರ್ದು," ಎಂದಳು ಜೋಯ್ಲಿನ್. "ನಿಜಾನೂ ಬರೀಬೇಡಿ."

ಐವನ್ ಒಳಗೆ ಬಂದು, ಚಪ್ಪಲಿಯನ್ನೂ ಬಿಡದೆ ಕೇಳುತ್ತಾನೆ: "ಯಾರು ಅತ್ತದ್ದು?" ಮೂವರು ಹೆಂಗಸರೂ ನನ್ನ ಮುಖ ನೋಡುತ್ತಿದ್ದಾರೆ. ನಾನು ಮೇಜಿನ ಕೆಳಗೆ ಬಗ್ಗಿ, ಪೆನ್ನಿನ ಮುಚ್ಚಳ ಹುಡುಕುತ್ತಿದ್ದೇನೆ.