ದುಭಾಷಿಗೊಬ್ಬ ದುಭಾಷಿ

ಎರಡು ದೇಶಗಳು ಸೇರಿ ಹನ್ನೆರಡು ವರ್ಷ ನಡೆಸಿದ ವಿಜ್ಞಾನ ತರಬೇತಿಯಿಂದ ಏನು ಫಲ ಬಂತೆಂದು ನೋಡಿ ವರದಿ ಕೊಡುವ ಕೆಲಸ ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರ ಪಾಲಿಗೆ ಬಂತು. ಸುಮ್ಮಸುಮ್ಮನೆ ಯಾರಿಗೂ ಅರ್ಧ ಅಂಕ ಕೊಟ್ಟವರಲ್ಲ ಅವರು.

ತರಬೇತಿ ನಡೆದಿದ್ದ ನೀರಿನ ಪರೀಕ್ಷಾಲಯದ ನಿರ್ದೇಶಕರು ಬಾಗಿಲಲ್ಲೇ ಕಾದಿದ್ದರು. "ಇನ್ನೂರ ಹನ್ನೆರಡು ಜನ ತರಬೇತಿ ಮುಗಿಸಿದ್ದಾರೆ ಸರ್," ಎಂದು ಗೋಡೆ ತುಂಬ ತೂಗುಹಾಕಿದ್ದ ಗುಂಪುಚಿತ್ರಗಳನ್ನು ತೋರಿಸಿ ಬೀಗಿದರು.

ಮೇಷ್ಟ್ರು ಚೀಲದಿಂದ ಒಂದು ಬಾಟಲಿ ತೆಗೆದರು. "ಒಳ್ಳೇದಾಯ್ತು. ಅವರಲ್ಲಿ ಒಬ್ಬರನ್ನ ಕರೀರಿ. ಈ ನೀರಲ್ಲಿ ಸೀಸ ಎಷ್ಟಿದೆ ಅಂತ ಹೇಳ್ಲಿ."

ನಿರ್ದೇಶಕರ ಮುಖ ಸಪ್ಪಗಾಯಿತು. ತರಬೇತಿ ಮುಗಿಸಿದವರಿಗೆಲ್ಲ ಬಡ್ತಿ. ಬಡ್ತಿಯಾದವರು ನೀರು ಪರೀಕ್ಷಿಸುವ ಯಂತ್ರ ಮುಟ್ಟುವಂತಿಲ್ಲ. ಇಬ್ಬರು ಕ್ರೀಡಾ ಇಲಾಖೆಗೆ ಹೋಗಿದ್ದರು, ಮಿಕ್ಕವರು ಎಲ್ಲೆಲ್ಲೋ ಸಭೆಗಳಲ್ಲಿದ್ದರು.

"ಹಾಗಾದ್ರೆ ಯಂತ್ರ ನಡೆಸೋರು ಯಾರು?"

"ಯಾರೂ ಇಲ್ಲ ಸರ್. ಅದಕ್ಕೇ ನೋಡಿ, ಇನ್ನೂ ಹೊಸದರ ಹಾಗೇ ಇದೆ."

ಮೂಲೆಯಿಂದ ಒಂದು ಹೆಣ್ಣುದನಿ ಕೇಳಿತು. "ಭಾವ, ನಾನು ಮಾಡ್ಲಾ?"

"ಆಫೀಸಲ್ಲಿ ಭಾವ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ?" ನಿರ್ದೇಶಕರು ಮೇಷ್ಟ್ರ ಕಡೆ ತಿರುಗಿದರು. "ನನ್ನ ನಾದಿನಿ ಸರ್. ಬರೀ ದುಭಾಷಿ. ಪರದೇಶದ ತಜ್ಞರು ಹೇಳಿದ್ದನ್ನ ನಮ್ಮವರಿಗೆ ಹೇಳ್ತಿದ್ದಳು, ಅಷ್ಟೇ."

ಆಕೆ ಯಂತ್ರದ ಮುಂದೆ ಬಂದು ಕೈಕಟ್ಟಿ ನಿಂತಳು. ಐದು ನಿಮಿಷವಾದರೂ ಅಲುಗಲಿಲ್ಲ.

"ಯಾಕಮ್ಮಾ?"

"ಯಾರಾದ್ರೂ ಮೊದಲು ಅವರ ಭಾಷೇಲಿ ಹೇಳ್ಬೇಕು ಸರ್. ಆಗ ನಂಗೆ ಬರುತ್ತೆ."

ಮೇಷ್ಟ್ರು ಆ ಭಾಷೆಯ ಕೈಪಿಡಿ ಹುಡುಕಿ, ಒಂದಕ್ಷರ ಅರ್ಥವಾಗದಿದ್ದರೂ ಎಡವುತ್ತ ಓದತೊಡಗಿದರು. "ಗ್ಯಾಸ್ ವಾಲ್ವ್ ಎಡಕ್ಕೆ ತಿರುಗಿಸಿ," ಎಂದಳಾಕೆ. ತಿರುಗಿಸುವವರು ಯಾರೂ ಇಲ್ಲದ್ದರಿಂದ ತಾನೇ ತಿರುಗಿಸಿದಳು. "ಅರ್ಥ ಆಯ್ತಾ?" ಎಂದು ಕೇಳಿ, "ಆಯ್ತು" ಎಂದು ತಾನೇ ತಲೆಯಾಡಿಸಿದಳು. ಮೂರನೇ ಪುಟದಲ್ಲಿ ಮೇಷ್ಟ್ರಿಗೆ ಸಾಲು ತಪ್ಪಿ ಓದು ನಿಂತೇಹೋಯಿತು. ಆಕೆಗೆ ಅದರ ಪರಿವೆಯೇ ಇರಲಿಲ್ಲ. ಬಾಯಲ್ಲಿ ಹೇಳುತ್ತ, ಕೈಯಲ್ಲಿ ಮಾಡುತ್ತ ಕೊನೆ ಮುಟ್ಟಿಸಿದಳು.

ಸೀಸವನ್ನು ಬೆರೆಸಿ ತಂದಿದ್ದವರು ಮೇಷ್ಟ್ರೇ. ಉತ್ತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ವರದಿಯ ನಮೂನೆಯಲ್ಲಿ ದುಭಾಷಿಗೆ ಕಾಲಂ ಇರಲಿಲ್ಲ. ಮೇಷ್ಟ್ರು ಅಂಚಿನಲ್ಲೇ ಬರೆದರು: ಇನ್ನೂರ ಹನ್ನೆರಡು ಜನ ಕಲಿತರು, ಕೆಲಸ ಬರುವುದು ಇವರೊಬ್ಬರಿಗೆ.

ತಿಂಗಳೊಳಗೆ ಮೇಲಿನಿಂದ ಆದೇಶ ಬಂತು. ಈಕೆಯ ಬಳಿ ಪ್ರಮಾಣಪತ್ರವಿಲ್ಲದ್ದರಿಂದ ಈಕೆಗೆ ಬಂದದ್ದು ವಿದ್ಯೆಯಲ್ಲ. ಕಾರ್ಯಕ್ರಮವನ್ನು ಎರಡು ವರ್ಷ ಮುಂದುವರಿಸಿ ಈಕೆಗೇ ತರಬೇತಿ ಕೊಡತಕ್ಕದ್ದು. ಕಲಿಯುವವರೇ ದುಭಾಷಿಯಾಗುವಂತಿಲ್ಲವಾದ್ದರಿಂದ ಬೇರೆಯವರನ್ನು ನೇಮಿಸತಕ್ಕದ್ದು. ಬೇರೆ ಯಾರೂ ಸಿಗದೆ ನಿರ್ದೇಶಕರೇ ದುಭಾಷಿಯಾದರು.

ಮೊದಲ ಪಾಠ ನೋಡಲು ಮೇಷ್ಟ್ರೂ ಹೋದರು. ಪರದೇಶದ ತಜ್ಞ ಹತ್ತು ನಿಮಿಷ ಮಾತಾಡಿ ನಿಲ್ಲಿಸಿದ. ನಿರ್ದೇಶಕರು ಬೆವರೊರೆಸಿಕೊಂಡು ನಾದಿನಿಯತ್ತ ಬಗ್ಗಿದರು. "ಏನು ಹೇಳಿದ್ರು ಅವರು?" ಎಂದು ಕೇಳಿದರು. ಆಕೆ ಅದರ ಅರ್ಥವನ್ನು ಪಿಸುಗುಟ್ಟಿದಳು. ಅದನ್ನೇ ಅವರು ಗಟ್ಟಿಯಾಗಿ ಆಕೆಗೆ ಹೇಳಿದರು. ಆಕೆ ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತಜ್ಞನಿಗೆ ಮಹದಾನಂದವಾಯಿತು.

ಬಿಡುವಿನಲ್ಲಿ ಮೇಷ್ಟ್ರು ತಲೆ ತಗ್ಗಿಸಿಕೊಂಡು ಆಕೆಯ ಹತ್ತಿರ ಬಂದರು. "ನನ್ನಿಂದ ನಿನಗೆ ಈ ಪಾಡಾಯ್ತಲ್ಲಮ್ಮ."

"ಅಯ್ಯೋ, ಪಾಡೇನು ಬಂತು ಸರ್? ಹನ್ನೆರಡು ವರ್ಷ ನಿಂತೇ ಇದ್ದೆ," ಎಂದು ಆಕೆ ಕಾಲು ಚಾಚಿದಳು. "ಈಗ ಕುರ್ಚಿ ಕೊಟ್ಟಿದ್ದಾರೆ."